ನಾಯಿಯ ಹಲ್ಲು ಕೀಳಿಸುವ ಮೊದಲು ರೇಟು ಕೇಳಬೇಡಿ, ಏನೇನು ಮಾಡುತ್ತಾರೆಂದು ಕೇಳಿ

ಬಾಗಲಕೋಟೆ ನವನಗರದ ಒಂದು ಮನೆಯ ಮುಧೋಳ ನಾಯಿಗೆ ಕಣ್ಣಿನ ಕೆಳಗೆ ಬಾವು ಬಂದಿತ್ತು. ಖಾಸಗಿ ಕ್ಲಿನಿಕ್ಕಿನಲ್ಲಿ "ಒಂದ್ ಹಲ್ಲ ಐತ್ರಿ, ಕಿತ್ತಬಿಟ್ರ ಮುಗೀತು, ಮೂರು ಸಾವಿರ" ಅಂದರು. ರಕ್ತ ಪರೀಕ್ಷೆಯೂ ಇಲ್ಲ, ಎಕ್ಸ್‌ರೇಯೂ ಇಲ್ಲ. ಕಿತ್ತ ಮೇಲೆ ಬಾವು ಇಳಿಯಿತು. ಮುಂದಿನ ತಿಂಗಳು ಅದೇ ಜಾಗ ಒಡೆದು ಕೀವು ಸೋರತೊಡಗಿತು. ಬೇರೆ ಊರಿಗೆ ಒಯ್ದು ಎಕ್ಸ್‌ರೇ ತೆಗೆಸಿದರೆ ಒಂದು ಬೇರಿನ ತುದಿ ದವಡೆಯೊಳಗೇ ಉಳಿದಿದೆ! ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ, ಮೊದಲಿನ ನಾಲ್ಕು ಪಟ್ಟು ಖರ್ಚು. ನೋವು ಉಂಡದ್ದು ಮಾತ್ರ ಆ ಮೂಕಪ್ರಾಣಿ.

ಕಣ್ಣಿನ ಕೆಳಗಿನ ಇಂಥ ಬಾವಿಗೆ ಹೆಚ್ಚಿನ ಸಲ ಮೇಲ್ದವಡೆಯ, ಮಾಂಸ ಸೀಳುವ ದೊಡ್ಡ ಹಲ್ಲೇ ಕಾರಣ. ಎಲುಬು, ಕಲ್ಲು, ಸರಪಳಿ ಕಡಿದು ಅದು ಬಿರುಕು ಬಿಡುತ್ತದೆ. ಅದಕ್ಕೆ 3 ಬೇರು, ಮೂರೂ ಬೇರೆ ಬೇರೆ ದಿಕ್ಕಿಗೆ ಚಾಚಿರುತ್ತವೆ. ಇಕ್ಕಳ ಹಾಕಿ ಎಳೆದರೆ ಬೇರು ಮುರಿಯುವುದೇ ಹೆಚ್ಚು. ಡ್ರಿಲ್‌ನಿಂದ ಹಲ್ಲನ್ನು 3 ತುಂಡು ಮಾಡಿ, ಒಂದೊಂದನ್ನೇ ನಿಧಾನವಾಗಿ ಸಡಿಲಿಸಿ ತೆಗೆಯಬೇಕು. ಕೋರೆಹಲ್ಲಿಗೆ ಬೇರು ಒಂದೇ ಆದರೂ ಹೊರಗೆ ಕಾಣುವ ಭಾಗಕ್ಕಿಂತ ಅದೇ ಉದ್ದ. ಪೊಮೇರಿಯನ್‌ನಂಥ ಸಣ್ಣ ನಾಯಿಯ ಕೆಳಕೋರೆಯನ್ನು ಜೋರು ಮಾಡಿ ಎಳೆದರೆ ದವಡೆಯೇ ಮುರಿದೀತು.

ಆದ್ದರಿಂದ "ಹಲ್ಲಿಗೆ ಇಷ್ಟು" ಎಂಬ ರೇಟು ನಂಬಬೇಡಿ. ಅಲ್ಲಾಡುವ ಮುಂದಿನ ಹಲ್ಲು, ಮೂರು ಬೇರಿನ ಹಲ್ಲು ಎರಡಕ್ಕೂ ಒಂದೇ ದರ ಹೇಳಿದರೆ ಯಾವುದೋ ಕೆಲಸ ಬಿಟ್ಟಿದ್ದಾರೆ ಅಂತಲೇ ತಿಳಿಯಿರಿ. ಕಿಡ್ನಿ, ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ, ಸಲೈನ್, ಅರಿವಳಿಕೆ, ಕೀಳುವ ಮುಂಚೆ ಮತ್ತು ಆಮೇಲಿನ ಎಕ್ಸ್‌ರೇ, ಹೊಲಿಗೆ, ನೋವಿನ ಔಷಧ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಬೇರು ಮುರಿದು ಉಳಿದರೆ ಆ ಖರ್ಚು ಯಾರದು ಅನ್ನುವುದನ್ನೂ ಮೊದಲೇ ಕೇಳಿ. ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತಾರಾ ಎಂದು ಕೇಳಲೇಬೇಕು. ಡ್ರಿಲ್‌ನ ನೀರು, ಬಾಯಿಯ ರಕ್ತ ಪುಪ್ಪುಸಕ್ಕೆ ಇಳಿಯದಂತೆ ತಡೆಯುವುದು ಅದೇ.

ಮುಧೋಳ ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಗ್ರೇಹೌಂಡ್‌ನಂತೆ ಕೊಬ್ಬಿಲ್ಲದ ಮೈಯ ಬೇಟೆನಾಯಿಗಳು ಥಯೋಪೆಂಟೋನ್ ಅರಿವಳಿಕೆಯಿಂದ ಎಚ್ಚರಾಗಲು ಬಹಳ ಹೊತ್ತು ಹಿಡಿಯುತ್ತವೆ. ಬೇರೆ ಔಷಧ ಬಳಸಲು ಹೇಳಿ.

ಮನೆಗೆ ತಂದ ಮೇಲೆ ನಿಮ್ಮ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. 10ರಿಂದ 14 ದಿನ ಎಲುಬು, ಕಟಕ ರೊಟ್ಟಿ ಬಂದ್. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕದ ಸಾರಿನಲ್ಲಿ ಅನ್ನ ಮೆತ್ತಗೆ ಕಲಸಿ ಕೊಡಿ.

ಸಣ್ಣ ಜಾತಿಯ ಮರಿಗೆ 6-7 ತಿಂಗಳಾದರೂ ಹಾಲುಕೋರೆ ಬೀಳದೆ ಹೊಸ ಹಲ್ಲಿನ ಪಕ್ಕದಲ್ಲೇ ಇದ್ದರೆ ತಡ ಮಾಡದೆ ತೋರಿಸಿ. ಸಂತಾನಹರಣ ಮಾಡಿಸುವುದು ಹೇಗೂ ಇದ್ದರೆ ಅದೇ ಅರಿವಳಿಕೆಯಲ್ಲಿ ಹಲ್ಲನ್ನೂ ತೆಗೆಸಬಹುದು, ಎರಡನೇ ಸಲದ ಖರ್ಚು ಉಳಿಯುತ್ತದೆ.