ಮೈಕಿಲ್ಲದ ಗಂಟಲು, ಮೂರಡಿ ದೂರದಲ್ಲಿ

ಹೋದ ಶನಿವಾರ ನಾರ್ತ್ ಲಂಡನ್ನಲ್ಲಿ ಒಂದು ಪಬ್ಬಿನ ಮಹಡಿ ಮೇಲೆ ಚಿಕ್ಕ ಒಪೆರಾ (ಪೂರ್ತಿ ಹಾಡಲ್ಲೇ ನಡೆಯೋ ನಾಟಕ) ಕಂಪನಿಯೊಂದು ಆಡಿದ ‘ಲಾ ಬೋಹೆಮ್’ ನೋಡ್ಕೊಂಡು ಬಂದ್ವಿ, ನಾನಿನ್ನೂ ಅದೇ ಗುಂಗಲ್ಲಿದೀನಿ. ಟಿಕೆಟ್ 25 ಪೌಂಡ್, ಸೀಟ್ ನಂಬರ್ ಇಲ್ಲ, ಮೊದಲು ಬಂದೋರಿಗೆ ಮುಂದಿನ ಬೆಂಚು. ಬೇಗ ಹೋಗಿದ್ದಕ್ಕೆ ಮೊದಲನೇ ಸಾಲೇ ಸಿಕ್ತು, ನನ್ನ ಮೊಣಕಾಲಿಗೂ ಹಾಡೋರಿಗೂ ಮಧ್ಯೆ ಮೂರಡಿ ಅಷ್ಟೇ.

ಒಪೆರಾ ಅಂದ್ರೆ ನಮಗಲ್ಲ ಅಂತ ದೂರ ಇರೋರು ನಮ್ಮ ಕಂಪನಿ ನಾಟಕ ನೆನೆಸ್ಕೊಳ್ಳಿ. 1884ರಲ್ಲಿ ಗುಬ್ಬಿ ಕಂಪನಿ ಶುರುವಾದಾಗ ಮೈಕ್ ಎಲ್ಲಿತ್ತು? ಪಾರ್ಟು ಮಾಡೋರೇ ಹಾಡ್ಬೇಕಿತ್ತು, ಹಿಂದೆ ಕೂತೋರಿಗೂ ಕೇಳಿಸ್ಬೇಕಿತ್ತು. ನಮ್ಮಜ್ಜ ನಾಟಕದ ಕಥೆ ಹೇಳುವಾಗೆಲ್ಲ ಕಥೆ ಬಿಟ್ಟು ಗಂಟಲಿನ ಬಗ್ಗೆನೇ ಹೇಳ್ತಿದ್ರು, ‘ವನ್ಸ್ ಮೋರ್’ ಅಂತ ಜನ ಕೂಗಿದ್ರೆ ಸತ್ತೋನೂ ಎದ್ದು ಇನ್ನೊಂದು ಸಲ ಹಾಡ್ತಿದ್ದ ಅಂತ. ಅದೇನು ಅಂತ ನನಗೆ ಅರ್ಥ ಆಗಿದ್ದು ಈ ಶನಿವಾರ.

ಪುಚ್ಚಿನಿ ಬರೆದ ಈ ಒಪೆರಾ ಮೊದಲು ಆಡಿದ್ದು 1896ರ ಫೆಬ್ರವರಿ 1ಕ್ಕೆ ಇಟಲಿಯ ಟ್ಯೂರಿನ್‌ನಲ್ಲಿ. ಪ್ಯಾರಿಸ್ಸಲ್ಲಿ ಬಾಡಿಗೆ ಕಟ್ಟೋಕೂ ದುಡ್ಡಿಲ್ಲದ ನಾಲ್ಕು ಜನ ಹುಡುಗರು, ಕ್ರಿಸ್‌ಮಸ್ ಹಿಂದಿನ ರಾತ್ರಿ, ಅದರಲ್ಲಿ ಕವಿ ರೊಡೋಲ್ಫೋ ಒಬ್ಬನೇ ಇರುವಾಗ ಪಕ್ಕದ ಮನೆ ಮಿಮಿ ಆರಿದ ಮೇಣದಬತ್ತಿ ಹಚ್ಕೊಳ್ಳೋಕೆ ಬರ್ತಾಳೆ, ಬೀಗದ ಕೈ ಬೀಳಿಸ್ಕೋತಾಳೆ, ಕತ್ತಲಲ್ಲಿ ಇಬ್ಬರೂ ಹುಡುಕ್ತಾರೆ. ಹುಡುಕ್ತಾ ಹುಡುಕ್ತಾ ರೊಡೋಲ್ಫೋ ಪಾರ್ಟಿನವರು ಸೀದಾ ನನ್ನ ಶೂ ಪಕ್ಕಕ್ಕೇ ಬಂದ್ರು, ಬೀಗದ ಕೈ ಸಿಕ್ತು, ಮಿಮಿಗೆ ಗೊತ್ತಾಗದ ಹಾಗೆ ಜೇಬಿಗೆ ಹಾಕ್ಕೊಂಡ್ರು, ಆಮೇಲೆ ಅವಳ ಕೈ ಹಿಡ್ಕೊಂಡು ಎಷ್ಟು ತಣ್ಣಗಿದೆ ಅಂತ ಮೊಣಕಾಲೂರಿಕೊಂಡೇ ಹಾಡು ಶುರು ಮಾಡಿದ್ರು. ಆ ಹಾಡಲ್ಲಿ ಎತ್ತರದ ದನಿಯ ಗಂಡು ಹಾಡುಗಾರರು, ಅಂದ್ರೆ ಟೆನರ್‌ಗಳೆಲ್ಲ ಹೆದರೋ ಮೇಲಿನ ‘ಸಿ’ ಸ್ವರ ಒಂದು ಬರುತ್ತೆ, ಕಷ್ಟ ಅಂತ ಶ್ರುತಿ ಅರ್ಧ ಸ್ವರ ಇಳಿಸ್ಕೊಂಡು ಹಾಡೋದೂ ಹಳೇ ರೂಢಿ. ಅಲ್ಲಿಗೆ ಬಂದಾಗ ಕತ್ತಿನ ನರ ಉಬ್ಬೋದನ್ನ ಕಾಯ್ತಿದ್ದೆ ನಾನು, ಉಬ್ಬಲೇ ಇಲ್ಲ, ಪಕ್ಕೆಲುಬು ಮಾತ್ರ ಶರ್ಟಿನೊಳಗೆ ಅಗಲ ಆಯ್ತು, ಸ್ವರ ಹೊರಗೆ ಬಂತು, ಬೆಂಚಿನ ಹಲಗೆ ನನ್ನ ಕೈ ಕೆಳಗೆ ಅದುರಿತು.

ಬಾಲ್ಯದಲ್ಲಿ ಮೈಸೂರಲ್ಲಿ ಏಳು ವರ್ಷ ಸಂಗೀತ ಪಾಠಕ್ಕೆ ಹೋದೋಳು ನಾನು, ಆದ್ರೆ ನಾವು ಕಚೇರೀಲಿ ಮೈಕ್ ಮುಂದೆ ಹಾಡೋದು. ಇವರು ಗಂಟಲನ್ನ ಬೇರೆ ಥರ ಪಳಗಿಸ್ತಾರೆ, 3000 ಹರ್ಟ್ಸ್ (ಸೆಕೆಂಡಿಗೆ 3000 ಕಂಪನ) ಆಸುಪಾಸಲ್ಲಿ ದನಿಗೆ ಒಂದು ಹೊಳಪು ಬರೋ ಹಾಗೆ, ಆ ಜಾಗದಲ್ಲಿ ಆರ್ಕೆಸ್ಟ್ರಾ ಸದ್ದು ಕಮ್ಮಿ ಇರುತ್ತೆ, ನಮ್ಮ ಕಿವಿ ಚುರುಕಾಗಿರುತ್ತೆ, ಅದಕ್ಕೇ ಎರಡು ಸಾವಿರ ಸೀಟಿನ ಥಿಯೇಟರಲ್ಲೂ ಮೈಕಿಲ್ದೆ ಕೇಳಿಸುತ್ತೆ. ಇಲ್ಲಿ ಇರೋದೇ ಎಪ್ಪತ್ತು ಸೀಟು, ಆರ್ಕೆಸ್ಟ್ರಾ ಬದಲು ಒಂದೇ ಪಿಯಾನೋ. ಪೂರ್ತಿ ಎರಡು ಗಂಟೆ ಒಬ್ಬರೇ ನುಡಿಸಿದ ಆ ಹೆಣ್ಣುಮಗಳಿಗೆ ದೊಡ್ಡ ನಮಸ್ಕಾರ.

ಎರಡನೇ ಅಂಕ ಮಾತ್ರ ಸೊರಗಿತ್ತು. ಕೆಫೆ, ಜನಜಂಗುಳಿ, ಮಕ್ಕಳ ಗಲಾಟೆ, ಮಿಲಿಟರಿ ಬ್ಯಾಂಡು ಎಲ್ಲಾ ಬರ್ಬೇಕಾದ ಜಾಗ, ಏಳು ಜನ ಏನು ಮಾಡೋಕಾಗುತ್ತೆ. ಹಾಡೋದು ಇಂಗ್ಲಿಷಲ್ಲೇ ಆದ್ರೂ ಮೇಲಿನ ಸ್ಥಾಯಿಗೆ ಹೋದಾಗ ಹೆಂಗಸರ ಮಾತು ತಿಳಿಯಲ್ಲ, ಸ್ಕ್ರೀನ್ ಮೇಲೆ ಸಾಲು ಬರೋ ವ್ಯವಸ್ಥೆನೂ ಇಲ್ಲ, ಕಥೆ ಓದ್ಕೊಂಡು ಹೋಗಿ. ಬೆಂಚಿಗೆ ಒರಗೋಕಿಲ್ಲ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಮಂಡಿ ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋಕಾಗಲ್ಲ. ಕಿಟಕಿ ಮುಚ್ಚಿರ್ತಾರೆ, ವಿಪರೀತ ಸೆಕೆ.

ಪಬ್ಬಲ್ಲಿ ಒಪೆರಾ ಅಂದ್ರೆ ಕಳಪೆ ಅಂದ್ಕೋಬೇಡಿ. ಲಂಡನ್ನಿನ ಕಿಲ್ಬರ್ನ್‌ನ ಒಂದು ಪಬ್ಬಲ್ಲಿ 2009ರಲ್ಲಿ ಶುರುವಾದ ಒಪೆರಾಅಪ್‌ಕ್ಲೋಸ್ ಕಂಪನಿಯ ಇದೇ ‘ಲಾ ಬೋಹೆಮ್’ಗೆ 2011ರಲ್ಲಿ ಅಲ್ಲಿನ ರಂಗಭೂಮಿಯ ದೊಡ್ಡ ಗೌರವ ಒಲಿವಿಯರ್ ಪ್ರಶಸ್ತಿನೇ ಬಂದಿದೆ.

ಶೋ ಮುಗಿದ್ಮೇಲೆ ಹಾಡಿದೋರೆಲ್ಲ ಕೆಳಗೆ ಬಾರಲ್ಲೇ ನಿಂತಿದ್ರು. ಕಥೇಲಿ ರೊಡೋಲ್ಫೋ ಗೆಳೆಯನ ಪ್ರೇಯಸಿ ಮ್ಯೂಸೆಟ್ಟಾ, ಆ ಪಾರ್ಟಿನವರನ್ನ ಮಾತಾಡಿಸಿದೆ, ವಾರಪೂರ್ತಿ ಸ್ಕೂಲ್ ಮಕ್ಕಳಿಗೆ ಹಾಡು ಹೇಳಿಕೊಟ್ಟು ಸಂಜೆ ರಿಹರ್ಸಲ್‌ಗೆ ಬರ್ತಾರಂತೆ, ಕಲೆಕ್ಷನ್ ಆಗಿದ್ದನ್ನ ಎಲ್ಲರೂ ಹಂಚ್ಕೋತಾರಂತೆ, ಒಬ್ಬರಿಗೆ ಗಂಟಲು ಕೆಟ್ರೆ ಬದಲಿಗೆ ಹಾಡೋಕೆ ಯಾರೂ ಇಲ್ಲ, ಅದಕ್ಕೆ ಚಳಿಗಾಲ ಪೂರ್ತಿ ಬಸ್ಸಲ್ಲಿ ಮಾಸ್ಕ್ ಹಾಕ್ಕೊಂಡೇ ಓಡಾಡ್ತಾರಂತೆ. ಇಷ್ಟು ವಿದ್ಯೆ ಇಟ್ಕೊಂಡು ಇಷ್ಟು ಕಮ್ಮಿ ದುಡ್ಡಿಗೆ ಹಾಡೋದು ನೋಡಿ ಹೊಟ್ಟೆ ಉರೀತು, ಬಾಗಿಲಲ್ಲಿ ಡಬ್ಬಿ ಇಟ್ಟಿರ್ತಾರೆ, ದಯವಿಟ್ಟು ಹಾಕಿ.

ಕೊನೇ ಅಂಕದಲ್ಲಿ ಕ್ಷಯ ಹಿಡಿದ ಮಿಮಿ ಮಂಚದ ಮೇಲೆ ಮಲಗೇ ಹಾಡ್ತಾಳೆ, ದನಿ ಸಣ್ಣಗಾಗ್ತಾ ಆಗ್ತಾ ನಿಂತೋಗುತ್ತೆ, ಪಕ್ಕದಲ್ಲಿರೋ ರೊಡೋಲ್ಫೋಗೆ ಅದು ಗೊತ್ತೇ ಆಗಲ್ಲ. ಮಂಚ ನನ್ನೆದುರಿಗೇ ಇತ್ತು. ಅವಳು ಉಸಿರು ನಿಲ್ಲಿಸಿದ್ದನ್ನ ಅವನಿಗಿಂತ ಮುಂಚೆ ನಾನು ನೋಡಿದೆ, ಎದ್ದು ಅವನಿಗೆ ಹೇಳ್ಬೇಕು ಅನ್ನಿಸಿ ಬೆಂಚಿನ ಅಂಚು ಗಟ್ಟಿಯಾಗಿ ಹಿಡ್ಕೊಂಡೆ. ಮುಂದಿನ ಶನಿವಾರಕ್ಕೆ ಮತ್ತೆ ಎರಡು ಟಿಕೆಟ್ ತಗೊಂಡಿದೀನಿ, ಅದೇ ಸಾಲು ಸಿಗ್ಲಿ ಅಂತ ಆರೂವರೆಗೇ ಹೋಗ್ತೀವಿ.