ನೋರಿ, ವಾಕಾಮೆ, ಕೊಂಬು: ಕಡಲಪಾಚಿಯ ರುಚಿಗೆ ನಾಲಿಗೆ ಒಗ್ಗಿದ ಬಗೆ

ಜಪಾನಿನ ಯೊಕೊಹಾಮಾಕ್ಕೆ ಬಂದ ಮೊದಲ ವರ್ಷ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಕಡಲಪಾಚಿಯ ಮಾತನ್ನು ಎತ್ತುವಂತೆಯೇ ಇರಲಿಲ್ಲ. ಪಾಚಿ ಎಂದರೆ ನಮಗೆ ಬಾವಿಕಟ್ಟೆಯ ಮೇಲೆ ಕಾಲು ಜಾರಿಸುವ ಹಸಿರು; ಅದನ್ನು ತಟ್ಟೆಗೆ ಬಡಿಸಿಕೊಳ್ಳಬೇಕಾದರೆ ನಾಲಿಗೆಗಿಂತ ಮೊದಲು ಮನಸ್ಸು ಒಪ್ಪಬೇಕಿತ್ತು. ಒಪ್ಪಿಸಿದ್ದು ಚೈನಾ ಗ್ರಾಸ್. ಚಿಕ್ಕಂದಿನಲ್ಲಿ ಅಮ್ಮ ಹಾಲು, ಸಕ್ಕರೆ, ಏಲಕ್ಕಿ ಹಾಕಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸುತ್ತಿದ್ದ ಆ ಸಿಹಿಯ ಮೂಲವೂ ಕಡಲಪಾಚಿಯೇ ಎಂದೂ, ಜಪಾನೀಯರು ಅದನ್ನೇ ಕಾಂತೆನ್ ಎನ್ನುತ್ತಾರೆಂದೂ, ತಮಿಳುನಾಡಿನ ಮಂಡಪಂ ಮತ್ತು ರಾಮೇಶ್ವರದ ಸುತ್ತಿನ ಕಡಲಲ್ಲಿ ಹೆಂಗಸರು ಮುಳುಗಿ ಅಂಥ ಪಾಚಿಯನ್ನು ಕೀಳುತ್ತಾರೆಂದೂ ತಿಳಿದ ಮೇಲೆ, ಹೇಸಿಕೆಗೆ ಹೆಚ್ಚಿನ ಆಧಾರ ಉಳಿಯಲಿಲ್ಲ. ಆಮೇಲೆ ನೋರಿ, ವಾಕಾಮೆ, ಕೊಂಬು, ಹಿಜಿಕಿ ಎಂಬ ನಾಲ್ಕನ್ನು ಒಂದಾದ ಮೇಲೊಂದರಂತೆ ನಮ್ಮ ಸಸ್ಯಾಹಾರದ ಅಡುಗೆಯಲ್ಲಿಯೇ ಪರೀಕ್ಷಿಸಿದೆ.

ಹೊಸಬರಿಗೆ ಎಲ್ಲರೂ ಕಾಗದದಂತೆ ಹಾಳೆಯಾಗಿ ಒಣಗಿಸಿದ ನೋರಿಯಿಂದಲೇ ಆರಂಭಿಸಲು ಹೇಳುತ್ತಾರೆ. ನಾನೂ ಹಾಗೆಯೇ ಮಾಡಿ ಎರಡು ವಾರದಷ್ಟು ಹಿಂದುಳಿದೆ. ಸುಮಾರು 21 ಸೆಂಟಿಮೀಟರ್ ಉದ್ದ, 19 ಸೆಂಟಿಮೀಟರ್ ಅಗಲದ ಆ ಹಾಳೆಯ ತೂಕ ಮೂರು ಗ್ರಾಂ ಮಾತ್ರ. ಬಿಸಿ ಅನ್ನ ತಾಗಿದ ಅರೆ ನಿಮಿಷದಲ್ಲಿ ಅದು ಒದ್ದೆ ಕಾಗದದಂತಾಗಿ ಹಲ್ಲಿಗೆ ಅಂಟಿಕೊಂಡಿತು, ಜೊತೆಗೆ ಮೀನುಮಾರುಕಟ್ಟೆಯ ನೆನಪೂ ಬಂತು. ತಪ್ಪು ನೋರಿಯದಲ್ಲ, ನಾನು ತಂದ ಅಗ್ಗದ ಕಟ್ಟಿನದು ಎಂಬುದು ತಡವಾಗಿ ತಿಳಿಯಿತು. ನೋರಿಯನ್ನು ಚಳಿಗಾಲದಲ್ಲಿ ಬಲೆಗಳ ಮೇಲೆ ಬೆಳೆಸಿ ಒಂದೇ ಬಲೆಯಿಂದ ಹಲವು ಸಲ ಕೊಯ್ಯುತ್ತಾರೆ. ಮೊದಲ ಕೊಯ್ಲಿನದು ಎಳೆಯದಾಗಿದ್ದು ಬಾಯಲ್ಲಿ ಕರಗುತ್ತದೆ, ಕೊನೆಕೊನೆಯದು ನಾರುನಾರಾಗುತ್ತದೆ. ಅರಿಯಾಕೆ ಕೊಲ್ಲಿಯ ಮೊದಲ ಕೊಯ್ಲಿನ, ಹುರಿಯದ ಹಾಳೆಯೊಂದನ್ನು ತಂದು ಹಪ್ಪಳ ಸುಡುವಂತೆ ಸಣ್ಣ ಉರಿಯ ಮೇಲೆ ಎರಡೂ ಬದಿ ಆಡಿಸಿದೆ. ಕಡುನೇರಳೆ ಬಣ್ಣದ ಹಾಳೆ ಕಣ್ಣೆದುರೇ ಹಸಿರಾಯಿತು. ಶಾಖಕ್ಕೆ ಅದರ ಕೆಂಪು ಬಣ್ಣದ ಅಂಶ ಒಡೆದು ಪತ್ರಹರಿತ್ತು ಮಾತ್ರ ಉಳಿಯುವುದೇ ಇದಕ್ಕೆ ಕಾರಣ. ಆ ಪರಿಮಳ ನಿಜವಾಗಿಯೂ ಹಿತವಾಗಿತ್ತು, ಆದರೆ ಬೆಲೆ ಹಿತವಾಗಿರಲಿಲ್ಲ.

ನೋರಿಯ ಕೊರಿಯಾ ದೇಶದ ಸಂಬಂಧಿಯಾದ ಗಿಮ್ ಅನ್ನು ಟೋಕಿಯೊದ ಶಿನ್-ಒಕುಬೊ ಬೀದಿಯಿಂದ ತಂದೆ. ತೆಳುವಾದ ಹಾಳೆಗೆ ಎಳ್ಳೆಣ್ಣೆ ಸವರಿ, ಉಪ್ಪು ಉದುರಿಸಿ ಹುರಿದಿರುವುದರಿಂದ ಕಡಲಿನ ವಾಸನೆ ಹಿಂದೆ ಸರಿಯುತ್ತದೆ. ಮೊಸರನ್ನಕ್ಕೆ ಹಪ್ಪಳದ ಬದಲು ಇದನ್ನು ನಂಜಿಕೊಂಡ ದಿನ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಎರಡರಲ್ಲಿ ನನ್ನ ಮತ ಗಿಮ್‌ಗೆ. ಮಸಾಲೆ ಸವರಿದ ಜಪಾನೀ ನೋರಿಯಲ್ಲಿ ಮೀನಿನ ಅಥವಾ ಸೀಗಡಿಯ ಸಾರ ಇರುವುದುಂಟು, ಆದ್ದರಿಂದ ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳಬೇಕು.

ವಾಕಾಮೆಯ ಮೊದಲ ದಿನ ನಗೆಪಾಟಲಾಯಿತು. ಒಣಗಿಸಿ ಕತ್ತರಿಸಿದ ಚೂರುಗಳನ್ನು ಒಂದು ಹಿಡಿ ನೀರಿಗೆ ಹಾಕಿ ಫೋನಿನಲ್ಲಿ ಮಾತನಾಡಿ ಬರುವಷ್ಟರಲ್ಲಿ ಬಟ್ಟಲು ತುಂಬಿ ಹೊರಗೆ ಚೆಲ್ಲಿತ್ತು; ಅದು ಸುಮಾರು ಹತ್ತು ಪಟ್ಟು ಹಿಗ್ಗುತ್ತದೆ, ನಾಲ್ಕು ಜನರಿಗೆ ಎರಡು ಚಮಚ ಸಾಕು. ಬಾಯಿಗೆ ಇದು ಬಸಳೆಯ ಹತ್ತಿರದ್ದು: ಮೆತ್ತಗೆ, ತುಸು ಲೋಳೆ, ನಡುವೆ ಎಳೆಯ ದಂಟಿನ ಕರುಕುರು. ಬೆಂಡೆಕಾಯಿ ಗೊಜ್ಜು ಮೆಚ್ಚುವವರಿಗೆ ಈ ಲೋಳೆ ಅಡ್ಡಿಯಾಗಲಾರದು. ತೆಳುವಾಗಿ ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಚ್ಚಿ ನೀರು ಹಿಂಡಿ, ಅಕ್ಕಿಯ ವಿನೆಗರ್ ಮತ್ತು ಸಕ್ಕರೆಯೊಡನೆ ವಾಕಾಮೆ ಬೆರೆಸುವ ಇಲ್ಲಿನ ಕ್ರಮ ನಮ್ಮ ಕೋಸಂಬರಿಯಷ್ಟೇ ಸುಲಭ. ಅದರ ತಂಬುಳಿ ಮಾತ್ರ ಕೆಟ್ಟಿತು. ಮಜ್ಜಿಗೆಯ ಹುಳಿ ಕಡಲಿನ ವಾಸನೆಯನ್ನು ಅಡಗಿಸುವ ಬದಲು ಎತ್ತಿ ತೋರಿಸಿತು. ಅದೇ ಕಾಯಿ, ಅದೇ ಮೊಸರಿಗೆ ಸಾಸಿವೆ ಅರೆದು ಹಾಕಿದಾಗ ಆ ಘಾಟಿನ ಮುಂದೆ ವಾಸನೆ ತಲೆಯೆತ್ತಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕೊಂಬು ಬಂತು, ಮತ್ತು ಇದರಿಂದಲೇ ಆರಂಭಿಸಬೇಕಿತ್ತು ಎಂದು ಈಗ ನನಗೆ ಅನ್ನಿಸುತ್ತದೆ, ಏಕೆಂದರೆ ಇದನ್ನು ತಿನ್ನಬೇಕಾಗಿಯೇ ಇಲ್ಲ. ಹೊಕ್ಕೈಡೊ ದ್ವೀಪದ ತಂಪು ಕಡಲಿನ ಈ ದಪ್ಪ ಪಟ್ಟಿ ನೀರಿಗೆ ತನ್ನ ರುಚಿಯನ್ನು ಬಿಟ್ಟುಕೊಟ್ಟು ಹಿಂದೆ ಸರಿಯುತ್ತದೆ. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಗ್ಲುಟಾಮೇಟ್ ಅನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು ಇದೇ ಕೊಂಬುವಿನ ಸಾರದಿಂದ. ಅದೇ ಗ್ಲುಟಾಮೇಟ್ ಟೊಮೆಟೊದಲ್ಲೂ ಇರುವುದರಿಂದ ನಮ್ಮ ನಾಲಿಗೆಗೆ ಈ ರುಚಿ ಹೊಸದಲ್ಲ.

ಮೊದಲು ಎರಡು ತಪ್ಪು ಮಾಡಿದೆ. ಪಟ್ಟಿಯ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಎಂದುಕೊಂಡು ಉಜ್ಜಿ ತೊಳೆದೆ. ಅದು ಮ್ಯಾನಿಟಾಲ್ ಎಂಬ ರುಚಿಕರ ಅಂಶ, ಒದ್ದೆ ಬಟ್ಟೆಯಲ್ಲಿ ಮೆಲ್ಲನೆ ಒರೆಸಿದರೆ ಸಾಕಿತ್ತು. ಆಮೇಲೆ ಬೇಳೆಯಂತೆ ಕೊತಕೊತ ಕುದಿಸಿ ನೀರನ್ನು ಲೋಳೆಯೂ ಕಹಿಯೂ ಮಾಡಿಕೊಂಡೆ. ಈಗ ಲೀಟರ್ ನೀರಿಗೆ ಹತ್ತು ಗ್ರಾಂ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತೇನೆ, ಬೆಳಿಗ್ಗೆ ಪಟ್ಟಿಯನ್ನು ತೆಗೆದು ಆ ನೀರಿನಲ್ಲಿ ಸಾರು ಮಾಡುತ್ತೇನೆ.

ಒಂದು ಭಾನುವಾರ ಒಂದೇ ತೊಗರಿಬೇಳೆ, ಒಂದೇ ಸಾರಿನಪುಡಿ, ಒಂದೇ ಅಳತೆಯ ಹುಣಸೆ ಇಟ್ಟುಕೊಂಡು ಮೂರು ಪಾತ್ರೆಗಳಲ್ಲಿ ತಿಳಿಸಾರು ಮಾಡಿದೆ: ಒಂದರಲ್ಲಿ ನಲ್ಲಿ ನೀರು, ಒಂದರಲ್ಲಿ ರಿಶಿರಿ ಕೊಂಬುವಿನ ನೀರು, ಮತ್ತೊಂದರಲ್ಲಿ ರೌಸು ಕೊಂಬುವಿನದು (ಎರಡೂ ಹೊಕ್ಕೈಡೊದ ಜಾಗಗಳ ಹೆಸರು ಹೊತ್ತ ಬಗೆಗಳು). ಯಾವುದು ಯಾವುದೆಂದು ಮನೆಯವರಿಗೆ ಹೇಳಿರಲಿಲ್ಲ. ರೌಸುವಿನ ಸಾರು ಗಾಢವಾಗಿ, ತುಸು ಮಬ್ಬಾಗಿ, ಇಂಗಿನ ಒಗ್ಗರಣೆಯನ್ನೇ ನುಂಗಿಹಾಕಿತ್ತು. ರಿಶಿರಿಯದು ತಿಳಿಯಾಗಿಯೇ ಇದ್ದು, ಉಪ್ಪು ಕಾಲು ಚಮಚ ಕಡಿಮೆ ಹಾಕಿದ್ದರೂ ಸಪ್ಪೆಯೆನಿಸಲಿಲ್ಲ; ಪಾಚಿಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಮಗಳು ಅದನ್ನೇ ಎರಡನೇ ಸಲ ಬಡಿಸಿಕೊಂಡಳು. ಅಗ್ಗದ ಹಿದಾಕಾ ಕೊಂಬು ಸಾರಿಗೆ ಇವೆರಡರಷ್ಟು ಒದಗದಿದ್ದರೂ ಬೇಗ ಬೇಯುತ್ತದೆ, ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಕುದಿಸಿದರೆ ಉಪ್ಪಿನಕಾಯಿಯಂತೆ ನಂಜಿಕೊಳ್ಳಬಹುದು. ನಾಲಿಗೆ ಈ ನೀರಿಗೆ ಒಗ್ಗಿದ ಮೇಲೆ ವಾಕಾಮೆಯೂ, ಕೊನೆಗೆ ಆ ಅಗ್ಗದ ನೋರಿಯೂ ಅಷ್ಟೇನೂ ಪರಕೀಯವೆನಿಸಲಿಲ್ಲ.

ಹಿಜಿಕಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕ್ಯಾರೆಟ್ಟಿನೊಡನೆ ಬೇಯಿಸಿದ ಆ ಕಪ್ಪು ಕಡ್ಡಿಗಳ ರುಚಿ ನನಗೆ ಹಿಡಿಸಿತ್ತು. ಆದರೆ ಅದರಲ್ಲಿ ಅಜೈವಿಕ ಆರ್ಸೆನಿಕ್ ಹೆಚ್ಚಿರುವ ಕಾರಣ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿಯೇ ಅದನ್ನು ತಿನ್ನಬೇಡಿರೆಂದು ಹೇಳಿದ್ದನ್ನು ಓದಿದ ಮೇಲೆ ಮತ್ತೆ ತರಲಿಲ್ಲ.

ಕೊಂಬುವಿಗೂ ಒಂದು ಮಿತಿಯಿದೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಒಣ ಕೊಂಬುವಿನ ಒಂದೇ ಗ್ರಾಂನಲ್ಲಿ ಅದರ ಹಲವು ಪಟ್ಟು ಇರುತ್ತದೆ, ಮತ್ತು ನೆನೆಸಿದಾಗ ಅದರಲ್ಲಿ ಬಹುಪಾಲು ನೀರಿಗೇ ಇಳಿಯುತ್ತದೆ. ಥೈರಾಯ್ಡ್ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇದನ್ನು ರೂಢಿ ಮಾಡಿಕೊಳ್ಳಬಾರದು. ನಮ್ಮಲ್ಲಿ ವಾರಕ್ಕೆ ಒಂದು ದಿನ ಮಾತ್ರ ರಿಶಿರಿಯ ಸಾರು. ಉಳಿದ ದಿನಗಳಲ್ಲಿ ರುಚಿ ಬೇಕೆನಿಸಿದರೆ ಒಣ ಶಿಟಾಕೆ ಅಣಬೆಯನ್ನು ನೆನೆಸಿದ ನೀರಿನಲ್ಲಿ ಬೇಳೆ ಬೇಯುತ್ತದೆ.