ನಮ್ಮೂರ ಗ್ರಾಮ ಒನ್, ಸಿಂಧನೂರು ತಾಲೂಕು: ನಮಗ ಓದಿಸಿ ಆಮ್ಯಾಗ ಸಬ್‌ಮಿಟ್ ಮಾಡ್ತಾರ

ಮಗಳ ಸಿಇಟಿ ಸಲುವಾಗಿ 371ಜೆ ಸರ್ಟಿಫಿಕೇಟ್, ಅಂದ್ರ ನಾವು ಕಲ್ಯಾಣ ಕರ್ನಾಟಕದವರು ಅನ್ನೋ ಕಾಗದ, ಬೇಕಿತ್ರಿ. ನಮ್ಮ ಭಾಗದ ಕಾಲೇಜಿನ್ಯಾಗ 70% ಸೀಟು ನಮ್ಮ ಮಕ್ಕಳಿಗೇ ಅಂತ ಐತಿ, ಆದ್ರ ಆ ಕಾಗದ ಇಲ್ಲಂದ್ರ ಏನೂ ಇಲ್ಲ. ಎರಡು ಸಲ ಅರ್ಜಿ ಹಾಕಿದ್ವಿ, ಮೊದಲು ಟೌನಿನ ಒಂದು ಆನ್‌ಲೈನ್ ಅಂಗಡ್ಯಾಗ, ಆಮ್ಯಾಗ ಊರಾಗಿನ ಗ್ರಾಮ ಒನ್ ಅನ್ನೋ ಸರ್ಕಾರಿ ಸೇವಾ ಕೇಂದ್ರದಾಗ.

ಅಂಗಡಿಯವ ಹತ್ತು ನಿಮಿಷದಾಗ ಟಕಟಕ ಹೊಡೆದು ಚೀಟಿ ಕೈಗೆ ಕೊಟ್ಟ, ನಾವೂ ಖುಷಿಲೆ ಬಂದ್ವಿ. ಹನ್ನೊಂದು ದಿನಕ್ಕ ಮೆಸೇಜ್ ಬಂತು, ರಿಜೆಕ್ಟ್. ವ್ಯಾಸಂಗ ಪ್ರಮಾಣಪತ್ರ ಮೊಬೈಲ್‌ನ್ಯಾಗ ಫೋಟೋ ಹೊಡೆದು ಹಾಕ್ಯಾನ, ಹೆಡ್‌ಮಾಸ್ಟರ್ ಸೀಲು ಅರ್ಧಕ್ಕ ಕಟ್ ಆಗೇತಿ. ಸಕಾಲ ಕಾಯ್ದೆ 2011ರಾಗ ಬಂತು, ಸರ್ಕಾರಿ ಕಾಗದ ಇಷ್ಟು ದಿನದಾಗ ಕೊಡಬೇಕು, ತಡ ಆದ್ರ ದಿನಕ್ಕ 20 ರೂಪಾಯಿ ಪರಿಹಾರ ಅಂತ ಐತಿ, ಒಳ್ಳೇದೇ. ಆದ್ರ ರಿಜೆಕ್ಟ್ ಮಾಡಿದ್ರೂ ಅವರ ಲೆಕ್ಕದಾಗ ಅರ್ಜಿ ಮುಗೀತು, ನಮಗ ಮತ್ತ ಒಂದನೇ ದಿನದಿಂದ ಶುರು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಗ್ರಾಮ ಒನ್‌ನ್ಯಾಗ ಕಂಪ್ಯೂಟರ್ ಮುಂದ ಕುಂತಿದ್ದ ಹುಡುಗಿ ಮೊದಲು ಮಡಚಿದ ಕಾಗದ ಟೇಬಲ್ ಮ್ಯಾಲಿಟ್ಟು ಅಂಗೈಲೆ ತೀಡಿ ನೆಟ್ಟಗ ಮಾಡಿ ಸ್ಕ್ಯಾನ್ ಮಾಡಿದ್ಲು, ಸೀಲು ಪೂರ್ತಿ ಬಂದೈತೇನ್ ಅಂತ ದೊಡ್ಡದು ಮಾಡಿ ನೋಡಿದ್ಲು. ಟೈಪ್ ಮುಗಿದಮ್ಯಾಗ ಮಾನಿಟರ್ ನಮ್ಮ ಕಡೆ ತಿರುಗಿಸಿ, "ಅಣ್ಣಾ, ಮಾರ್ಕ್ಸ್ ಕಾರ್ಡ್ ಕೈಯಾಗ ಹಿಡ್ಕೊಂಡು ಒಂದೊಂದು ಅಕ್ಷರ ನೋಡ್ರಿ, ನೀವು ಹ್ಞೂಂ ಅಂದಮ್ಯಾಗ ಒತ್ತತೀನಿ" ಅಂದ್ಲು. ಅಲ್ಲೇ ನನ್ನ ಹೆಸರಿನ್ಯಾಗ ಇಂಗ್ಲಿಷ್ 'ಹೆಚ್' ಅಕ್ಷರ ಒಂದು ಬಿಟ್ಟು ಹೋಗಿದ್ದು ಮಗಳ ಕಣ್ಣಿಗೆ ಬಿತ್ತು, ಆ ಹುಡುಗಿ ಸರಿ ಮಾಡಿದ್ಲು. ನಡುವ ಕರೆಂಟ್ ಹೋತು, ಬಂದಮ್ಯಾಗ ಮತ್ತ ಮೊದಲಿನಿಂದ ಟೈಪ್ ಮಾಡಿದ್ಲು, ಮುಖ ಗಂಟು ಹಾಕಲಿಲ್ಲ. ರಸೀದಿದಾಗ ಎಷ್ಟಿತ್ತೋ ಅಷ್ಟೇ ರೊಕ್ಕ ತಗೊಂಡ್ಲು.

ನಮ್ಮಪ್ಪನ ಕಾಲಕ್ಕ, ಜಮೀನಿನ ದಾಖಲೆ ಇಡೋ 'ಭೂಮಿ' ಕಂಪ್ಯೂಟರ್ ಬರೋಕಿಂತ ಮುಂಚೆ, ಕೈಲೆ ಬರೆದ ಪಹಣಿಗೆ ಗ್ರಾಮ ಲೆಕ್ಕಿಗರ ದಾರಿ ಕಾಯಬೇಕಿತ್ತು, ಈಗ ಅದು ನಿಮಿಷದಾಗ ಪ್ರಿಂಟ್ ಬರ್ತೈತಿ. ಅದು ದೊಡ್ಡ ಬದಲಾವಣೆ, ಒಪ್ತೀನಿ. ಆದ್ರ ಹೊಸ ಅರ್ಜಿ ಹಾಕೋದು ಪ್ರಿಂಟ್ ತಗೊಂಡಂಗಲ್ಲ, ಕೀಬೋರ್ಡ್ ಮುಂದ ಕುಂತವರು ನಮ್ಮ ಕಾಗದ ತಮ್ಮ ಮನಿ ಕಾಗದ ಅಂತ ತಿಳ್ಕೊಂಡ್ರ ಮಾತ್ರ ಕೆಲಸ ಆಗೋದು.

ಈ ಸಲ ಸರ್ಟಿಫಿಕೇಟ್ ಬಂತು. ಮಗಳು ಸರ್ಟಿಫಿಕೇಟ್ ಮ್ಯಾಲಿನ ಆರ್‌ಡಿ ನಂಬರ್ ಸಿಇಟಿ ಫಾರ್ಮ್‌ನ್ಯಾಗ ಹಾಕಿದ್ಲು, ನನ್ನ ಹೆಸರು ತಾನಾಗೇ ಬಂದು ಕುಂತಿತು, ಹೆಚ್ ಸಮೇತ. ಹೋಗೋರು ಒರಿಜಿನಲ್ ಒಯ್ಯಿರಿ, ಓದಾಕ ಬರೋರನ್ನ ಒಬ್ಬರನ್ನ ಜೊತಿಗೆ ಕರ್ಕೊಂಡು ಹೋಗ್ರಿ.